ಐಸಿಲ್ಲದ ದಿನದ ಲೆಕ್ಕ

ಬೈತಖೋಲಿನ ಐಸ್ ಫ್ಯಾಕ್ಟರಿಯ ಕಂಪ್ರೆಸರ್ ಕೆಟ್ಟು
ನಾಳೆ ಸಂಜೆಯವರೆಗೆ ಲೋಡಿಲ್ಲ.
ಹನ್ನೊಂದು ವರ್ಷದಲ್ಲಿ ಇಂಥದೊಂದು ಶುಕ್ರವಾರ
ಕೈಗೆ ಸಿಕ್ಕಿದ್ದು ಇದೇ ಮೊದಲು.
ಟೆಂಪೋವನ್ನು ಮೂರು ಸಲ ತೊಳೆದೆ: ಫಿನಾಯಿಲು, ಲಿಂಬೆ,
ಮತ್ತೆ ಬರೀ ನೀರು.
ಬಂಗಡೆ ಬಿಟ್ಟು ಹೋಗಲಿಲ್ಲ.
"ಇರಲಿ ಬಿಡಿ, ಅದೂ ಊರು ನೋಡಲಿ" ಅಂದಳು ಶೇವಂತಿ.

ಕರೆಂಟು ಬಿಲ್ಲಿನ ಬೆನ್ನ ಮೇಲೆ ಕಾರವಾರ ಬರೆದೆ,
ಕೆಳಗೆ ಕುಮಟಾ,
ನಡುವೆ ಒಂದು ಗೆರೆ.
ನನ್ನ ಗೆರೆ ಅದು, ಕಣ್ಣು ಮುಚ್ಚಿ ಎಳೆಯಬಲ್ಲೆ.
ಬಿಣಗಾ ಸುರಂಗ, ನೌಕಾನೆಲೆಯ ಮುಗಿಯದ ಗೋಡೆ,
ಅವರ್ಸಾ, ಹಟ್ಟಿಕೇರಿ ಟೋಲು, ಅಂಕೋಲೆ,
ಗಂಗಾವಳಿಯ ಮೇಲೆ ಹಾರಿ, ಮಿರ್ಜಾನ ದಾಟಿ
ಒಂದು ತಾಸು ಹದಿನೈದು ನಿಮಿಷ.
ಐಸು ಕರಗುವ ಮೊದಲು ಮುಟ್ಟಬೇಕಾದವನಿಗೆ
ದಾರಿ ಅಂದರೆ
ಹಿಂಬಾಗಿಲಿಂದ ತೊಟ್ಟಿಕ್ಕುವ ನೀರು,
ಅದು ಸಿಡಿದ ಬೈಕಿನವನ ಬೈಗುಳ.

ಶೇವಂತಿ ಬಿಲ್ಲನ್ನು ತನ್ನ ಕಡೆ ತಿರುಗಿಸಿಕೊಂಡಳು.
"ಇದರಲ್ಲಿ ಸಮುದ್ರ ಎಲ್ಲಿ?"

ನಿಜ ಹೇಳುತ್ತೇನೆ, ಒಂದು ಕ್ಷಣ ತಡವರಿಸಿದೆ.
ಹೋಗುವಾಗ ಬಲಕ್ಕೆ. ನಾನು ಕೂರುವ ಕಡೆಗೇ.
ಅಲ್ಲಿ ನನಗೆ ಕಾಣುವುದು ಕನ್ನಡಿ,
ಕನ್ನಡಿಯಲ್ಲಿ ಲಾರಿ.

ಆಮೇಲೆ ಚೌಕಾಸಿ.
ಅವಳು ಪೆನ್ನು ಕಸಿದುಕೊಂಡು
ಅಂಕೋಲೆಯಲ್ಲೇ ನನ್ನಿಂದ ಹೆದ್ದಾರಿ ಬಿಡಿಸಿದಳು.
ಬೇಲಂಬರ, ಮಂಜಗುಣಿ, ಹೊಳೆ ದಾಟಿ ಗಂಗಾವಳಿ,
ಗೋಕರ್ಣ, ಸ್ವಲ್ಪ ಸುತ್ತಾದರೂ ಸಾಣಿಕಟ್ಟೆಯ ಉಪ್ಪಿನಾಗರ.
ಸಂಜೆ ಏಳಕ್ಕೆ ಗಾಡಿ ಬೈತಖೋಲಿನಲ್ಲಿರಬೇಕು ಅಂದೆ.
ಇರಲಿ ಅಂದಳು.
ಇದರಿಂದ ಐವತ್ತು ನಿಮಿಷ ಹೆಚ್ಚು ಅಂದೆ.
"ಯಾವುದಕ್ಕಿಂತ?"

ಉಪ್ಪಿನ ರಾಶಿ ನಾನೂ ಒಮ್ಮೆ ನೋಡಿದ್ದೇನೆ,
ಟಯರು ಪಂಕ್ಚರಾದ ದಿನ.
ಉರಿಬಿಸಿಲಲ್ಲಿ ಸಾಲಾಗಿ, ಬೆಳ್ಳಗೆ, ಪುಡಿ ಮಾಡಿ ಸುರಿದ ಐಸಿನ ಹಾಗೆ.
ಆದರೆ ಯಾರೂ ಓಡುತ್ತಿರಲಿಲ್ಲ.
ಬಿಸಿಲು ಏರಿದಷ್ಟೂ ಗಟ್ಟಿಯಾಗುವ ಸರಕು!
ಎಂಥ ವ್ಯಾಪಾರ ಇದು ಅಂತ
ಜ್ಯಾಕು ತಿರುಗಿಸುತ್ತಲೇ ಹೊಟ್ಟೆಕಿಚ್ಚು ಪಟ್ಟಿದ್ದೆ.

ಕೊನೆಗೆ ಹೀಗೆ ಮುಗಿಯಿತು:
ಹೋಗುವುದು ಅವಳ ದಾರಿ, ಬರುವುದು ನನ್ನದು.
ಹೋಗುವಾಗ ಅವಳು "ರಾಬ" ಅಂದಲ್ಲಿ ನಿಲ್ಲಿಸಬೇಕು
(ಅವಳ ಕೊಂಕಣಿಯ ಆ ಒಂದು ಮಾತಿಗೆ
ನನ್ನ ಬ್ರೇಕಿಗಿಂತ ಬಲ).
ಬರುವಾಗ ಒಂದೇ ಸಲ,
ಕುಮಟೆಯ ಸಿಹಿ ಈರುಳ್ಳಿ ಕೊಳ್ಳಲು.
ದಿನವೂ ಎಂಬತ್ತರಲ್ಲಿ ಹೋಗುವ ನನಗೆ
ಅದು ರಸ್ತೆಬದಿಯ ನಸುಗೆಂಪು ಗೆರೆ, ಅಷ್ಟೇ.
ಜಡೆ ಹೆಣೆದು ತೂಗುಹಾಕಿರುತ್ತಾರೆ ಅಂತ
ಇವತ್ತು ಅವಳಿಂದ ತಿಳಿಯಿತು.

ಉಳಿದದ್ದು ತದಡಿ.
ಅಲ್ಲಿ ರಸ್ತೆ ಮುಗಿಯುತ್ತದೆ, ಅಘನಾಶಿನಿ ಅಡ್ಡ.
ಬಾರ್ಜಿನ ಜಟ್ಟಿ ಅಂಬಿಗನಿಗೆ ಫೋನು ಹಚ್ಚಿದೆ.
"ಬೆಳಿಗ್ಗೆ ಎಷ್ಟು ಗಂಟೆಗೆ ಬಿಡ್ತೀಯ ಮಾರಾಯ?"
"ತುಂಬಿದಾಗ."
"ಅಂದಾಜು?"
"ಬರುವವರು ಬಂದಾಗ."

ಲೆಕ್ಕದಲ್ಲಿ ಆ ಒಂದು ಮನೆ ಖಾಲಿ ಉಳಿಯಿತು.
ಪೆನ್ನು ಹಿಡಿದ ಕೈ ಸುಮಾರು ಹೊತ್ತು ಅದರ ಮೇಲೇ.

ಬಾರ್ಜಿನ ಮೇಲೆ ಹ್ಯಾಂಡ್‌ಬ್ರೇಕ್ ಎಳೆದು, ಗೇರಿಗೆ ಹಾಕಿ,
ಕೀಲಿ ತೆಗೆದು ಜೇಬಿಗಿಡಬೇಕು.
ಆಮೇಲೂ ಗಾಡಿ ಮುಂದೆ ಹೋಗುತ್ತಿರುತ್ತದೆ.
ಮೀಟರಿನ ಮುಳ್ಳು ಸೊನ್ನೆಯಲ್ಲಿ,
ಆಚೆ ದಡದ ತೆಂಗು ಒಂದೊಂದಾಗಿ ದೊಡ್ಡದಾಗುತ್ತ,
ಬಲಕ್ಕೆ ಹೊಳೆ ಬಾಯಿ ತೆರೆದು ಸಮುದ್ರ,
ಕನ್ನಡಿಯಲ್ಲಿ ಯಾರೂ ಇಲ್ಲ,
ನನ್ನ ಎರಡು ಕೈಗಳನ್ನು ಎಲ್ಲಿಡುವುದು?

ಇದನ್ನೆಲ್ಲ ಅವಳಿಗೆ ಹೇಳಲಿಲ್ಲ.
ಹೇಳಿದರೆ ಬರುವಾಗಲೂ ಅದೇ ದಾರಿ ಅಂದಾಳು.

ಅಲಾರಾಂ ಐದಕ್ಕೆ ಇಟ್ಟು ಮಲಗಿದ್ದೆ.
ಈಗ ಎಚ್ಚರಾಗಿ ನೋಡಿದರೆ ಆರಕ್ಕಿದೆ.
ಪಕ್ಕದಲ್ಲಿ ಅವಳು
ಗಾಢ ನಿದ್ದೆಯಲ್ಲಿರುವವರ ಹಾಗೆ
ಬಹಳ ಜಾಗ್ರತೆಯಿಂದ ಉಸಿರಾಡುತ್ತಿದ್ದಾಳೆ.