ಒಂದು ಕೈ ಕಮ್ಮಿ

ಡುಲೂತ್ ಊರಿನ ಸರೋವರಕ್ಕೆ ಕಡಲಿನ ಗತ್ತು;
ನವೆಂಬರಿನಲ್ಲಿ ಅದರ ಗಾಳಿಗೆ ಹಲ್ಲು ಮೂಡುತ್ತದೆ.
ಹಳೆಯ ಅಗ್ನಿಶಾಮಕ ಠಾಣೆಯ ನೆಲಮಾಳಿಗೆಯಲ್ಲಿ
ಗುರುವಾರ ಗುರುವಾರ ನಮ್ಮ ಅಡುಗೆ.
ಬೇಟೆಯವರು ಕೊಟ್ಟ ಜಿಂಕೆ ಮಾಂಸ,
ಬೇಕರಿಯವರು ಕೊಟ್ಟ ನಿನ್ನೆಯ ಬ್ರೆಡ್ಡು,
ಆಲೂಗಡ್ಡೆ ಯಾರು ಕೊಟ್ಟರೋ,
ಬಾಗಿಲಲ್ಲಿ ಮೂಟೆ ಕೂತಿತ್ತು.

ಅವನೂ ಹಾಗೇ, ಬಾಗಿಲಲ್ಲೇ ನಿಂತ.
ಒಳಗೂ ಅಲ್ಲ, ಹೊರಗೂ ಅಲ್ಲ.
ತಟ್ಟೆ ಚಾಚಿದೆ.
"ನಂದು ಊಟ ಆಯ್ತು" ಅಂದ.
ಆಗಿರಲಿಲ್ಲ. ಆದವರು
ಸೌಟನ್ನು ಹಾಗೆ ನೋಡುವುದಿಲ್ಲ.

ಇನ್ನೊಮ್ಮೆ ಕರೆಯಲು ಬಾಯಿ ತೆರೆದವನ ಪಕ್ಕೆಗೆ
ಅರ್ಡಿಸ್ ಮೊಣಕೈಯಲ್ಲಿ ತಿವಿದಳು.
ನಲವತ್ತು ವರ್ಷ ಶಾಲೆಯ ಬಸ್ಸು ಓಡಿಸಿದ ಮುದುಕಿ,
ತಲೆ ಮೇಲಿನ ಕನ್ನಡಿಯಲ್ಲೇ
ಯಾವ ಮಗು ತಿಂದು ಬಂದಿದೆ, ಯಾವುದು ಇಲ್ಲ, ಹೇಳಬಲ್ಲವಳು.
ಚಾಕು ಒರೆಸುತ್ತ, ಅವನ ಕಡೆ ನೋಡದೆ,
"ಥೂ, ಇವತ್ತೇ ಒಂದು ಕೈ ಕಮ್ಮಿ.
ಇಷ್ಟೊಂದು ಗಡ್ಡೆ ಸುಲಿಯೋರು ಯಾರು?"
ಕೈ ನಮ್ಮಲ್ಲಿ ಹೆಚ್ಚೇ ಇದ್ದವು, ಆರು.
ಆರೂ ಬೆನ್ನ ಹಿಂದೆ ಸರಿದವು.

ಅವನು ಟೋಪಿ ತೆಗೆದ. ಹೆಸರು ಲೈಲ್ ಹೌಕಲ.
ಮರಳುಗಾಡಿನ ಯುದ್ಧದಲ್ಲಿ
ದಂಡಿಗೆ ಬೇಯಿಸಿ ಹಾಕಿದವನೆಂದು ಅವನು ಹೇಳಲಿಲ್ಲ,
ಸಿಪ್ಪೆ ಹೇಳಿತು:
ಎತ್ತಿ ಹಿಡಿದರೆ ಆಚೆಯ ದೀಪ ಕಾಣುವಷ್ಟು ತೆಳು,
ಗಡ್ಡೆಯಿಂದ ಬಕೆಟ್ಟಿನವರೆಗೆ ಒಂದೇ ಎಳೆ.
ಎಲ್ಲರದೂ ಮುಗಿದ ಮೇಲೆ
ತೊಟ್ಟಿಯ ಪಕ್ಕ ನಿಂತೇ ಉಂಡ,
ಕೆಲಸದವರು ಉಣ್ಣುವ ಹಾಗೆ.

ಮಲಗುವುದು ಎಲ್ಲಿ? ಕೇಳಲಿಲ್ಲ, ಗೊತ್ತಿತ್ತು.
ದೊಡ್ಡ ಅಂಗಡಿಯ ಮೈದಾನದಲ್ಲಿ ಬ್ಯೂಕ್ ಕಾರು,
ಹಿಂದಿನ ಸೀಟಿಗೆ ಹಾಸಿದ ಸೈನ್ಯದ ಕಂಬಳಿ.
ಸರ್ಕಾರದ ಕಾಗದ ಬರಲು ವಿಳಾಸ ಬೇಕು,
ವಿಳಾಸ ಆಗಲು ಆ ಕಾಗದ ಬೇಕು.
ಅರ್ಡಿಸ್ ಅರ್ಜಿಯ ಮೇಲೆ ಠಾಣೆಯ ಬಾಗಿಲ ಸಂಖ್ಯೆ ಬರೆದಳು,
ಅಂಚೆಯವನಿಗೆ ಒಂದು ಪೈ ಕೊಟ್ಟಳು.

ಡಿಸೆಂಬರ್. ತಾಯಿ, ಎರಡು ಮಕ್ಕಳು.
ತಾಯಿಯ ಮೈಮೇಲೆ ವೃದ್ಧಾಶ್ರಮದ ಸಮವಸ್ತ್ರ,
ಎದೆಯಲ್ಲಿ ಬಿಲ್ಲೆ: ಟ್ರಿನಾ.
ಹಗಲೆಲ್ಲ ಕಂಡವರ ಬಾಯಿಗೆ ಚಮಚೆ ಹಿಡಿಯುವವಳು
"ಮಕ್ಕಳಿಗೆ ಮಾತ್ರ ಸಾಕು" ಅಂದಳು.
ಹುಡುಗಿಯ ಕಣ್ಣು ಸಾರಿನ ಮೇಲಿಲ್ಲ,
ಹೀಟರಿನ ಮೇಲೆ ಒಣಗುತ್ತಿದ್ದ ಕೈಗವಸಿನ ಮೇಲೆ.
ಒಂದು ಕಂದು, ಒಂದು ಕಿತ್ತಳೆ; ಜೋಡಿಯಲ್ಲದ ಜೋಡಿ.
"ಅಮ್ಮಾ, ನಮ್ಮ ಗಾಜಿನ ಕೈ!"

ಟ್ರಿನಾ ತಿರುಗಿದಳು.
ದಿನಾ ಬೆಳಗಿನ ಜಾವ ಅವಳ ಕಾರಿನ ಮೇಲಷ್ಟೇ ಹಿಮ ಇರುತ್ತಿರಲಿಲ್ಲ.
ಗಾಳಿ ದಿಕ್ಕು ಬದಲಿಸಿರಬೇಕು
ಎಂದುಕೊಂಡಿದ್ದಳಂತೆ.
ಲೈಲ್ ಗಡ್ಡೆಯನ್ನೇ ನೋಡುತ್ತ,
"ಹಿಮ ಕೂತರೆ ಹೊಗೆ ಕೊಳವೆ ಮುಚ್ಚಿಹೋಗತ್ತೆ,
ಒಳಗೆ ಮಕ್ಕಳಿದ್ದಾರೆ" ಅಂದ.
ಅಷ್ಟೇ ಅಂದ.

ಹುಡುಗಿ ಪಕ್ಕದ ಕುರ್ಚಿ ಎಳೆದಳು,
ನೆಲ ಕಿರ್ರೆಂದಿತು.
ಅವನು ಆ ಕುರ್ಚಿಯನ್ನು ಬಹಳ ಹೊತ್ತು ನೋಡಿದ.
ಕೂತ.
ಅರ್ಡಿಸ್ ಎರಡು ತಟ್ಟೆ ಬಡಿಸಿದಳು,
ತಾಯಿಗೊಂದು, ಅವನಿಗೊಂದು.
ಯಾರನ್ನೂ ಏನೂ ಕೇಳಲಿಲ್ಲ.

ಮನೆ ಇನ್ನೂ ಇಬ್ಬರಿಗೂ ಸಿಕ್ಕಿಲ್ಲ.
ಪಟ್ಟಿಯಲ್ಲಿ ಹೆಸರಿದೆ,
ಹೆಸರಿನ ಹಿಂದೆ ಇನ್ನೂರು ಚಿಲ್ಲರೆ ಹೆಸರುಗಳಿವೆ,
ಮುಂದೆ ಎಷ್ಟೋ ತಿಳಿಯದು.
ಬಾಯ್ಲರಿನ ಗೋಡೆ ಬೆಚ್ಚಗಿರುವ ಹಿತ್ತಲಿನಲ್ಲಿ
ಈಗ ಎರಡು ಕಾರು ನಿಲ್ಲುತ್ತವೆ, ಗೋಡೆಗೆ ಮೂತಿ ಒತ್ತಿ.
ಗೇಟಿನ ಬೀಗದ ಕೈ ಒಂದೇ ಇತ್ತು.
"ನೋಡು, ಕೈ ಕಮ್ಮಿ" ಎಂದು ಗೊಣಗುತ್ತ
ಅರ್ಡಿಸ್ ಇನ್ನೆರಡು ಮಾಡಿಸಿ ತಂದಳು.

ಈವತ್ತು ರಾತ್ರಿಯಿಡೀ ಸುರಿದಿದೆ.
ಬೆಳಿಗ್ಗೆ ಬೇಗ ಬಂದು, ಕಾರು ನಿಲ್ಲಿಸಿ, ಒಲೆ ಹಚ್ಚಿ
ಹೊರಗೆ ಹೋಗಿ ನೋಡುತ್ತೇನೆ:
ಅವರ ಗಾಜು ಎರಡೂ ಶುಭ್ರ.
ನನ್ನದೂ.