ಎರಡು ಕಂಬದ ಲೆಕ್ಕ

ಹೈದರಾಬಾದಿನವ ಫೋನಿನಾಗ ಕೇಳ್ದ:
"ನೆಲ ಎಷ್ಟು ದಪ್ಪ ಅದ?"
ಇಪ್ಪತ್ತು ವರ್ಷ ಅದಕ್ಕ ಬೆನ್ನು ಹಚ್ಚಿ ಮಲಗೀನಿ,
ಒಮ್ಮೆನೂ ವಿಚಾರಿಸಿರಲಿಲ್ಲ.

ಗೌಂಡಿ ಲಾಡ್ಲೇಸಾಬ ಬಂದು
ಗೆಣ್ಣಿಲೇ ಬಡದು ನೋಡ್ದ, ಕಲ್ಲಂಗಡಿ ಬಡದಂಗ.
"ಶಾಬಾದಿ ಫರಸಿ ಒಂದೂವರಿ ಇಂಚು.
ತೆಳಗ ಮುರುಮು. ಅದರ ತೆಳಗ ಕಲಬುರ್ಗಿ ಎರಿ,
ಮಳಿಗಾಲಕ್ಕ ಉಬ್ಬತದ, ಬ್ಯಾಸಗಿಗಿ ಬಾಯಿ ಬಿಡತದ.
ಇದರ ಮ್ಯಾಲ ಕಂಬ ನಿಂದರಸಿ ಜೀಪು ಎತ್ತತಿ?"
ಅಂದು, ಸುಣ್ಣದಲೇ ಎರಡು ಗೋಲ ಬರದು, ಚಾ ಕುಡದ.

ಎರಡು ಕಂಬದ್ದೇ ಬೇಕಂತ ನನ್ನ ಹಟ.
ಜೀಪು ಮ್ಯಾಲ, ನಾ ತೆಳಗ,
ಒಮ್ಮೆರೆ ನೆಟ್ಟಗ ನಿಂತು ಪಾನಾ ತಿರುವಬೇಕು.
ಎಣ್ಣಿ ಬಿದ್ರೂ ಹೆಗಲಿಗಿ ಬೀಳಲಿ, ಕಣ್ಣಿಗಲ್ಲ.

ಮಹಾನಂದಾ ಕುಬಸ ಹೊಲಿಯೋ ಟೇಪು ತಂದಳು.
ತಗಡಿನ ತನಕ ಹತ್ತು ಫೂಟು.
ಜೀಪು ಆರು, ನಾ ಐದೂವರಿ.
ಎರಡು ಸಲ ಕೂಡಿಸಿದಳು.
ಲೆಕ್ಕ ತಗಡು ಹರಕೊಂಡು ಹೊರಗ ಹೋಯ್ತು.

"ನಿಮಗ ನಿಂದರೋ ಆಸಿ ಅದ ಅಂದ್ರ,"
ಟೇಪು ಸುತ್ತಿಕೋತ ಅಂದಳು,
"ನನಗೂ ಒಲಿಗಿ ಒಂದು ಕಟ್ಟಿ ಹಾಕಸ್ರಿ.
ಕುಂತು ಕುಂತೇ ರೊಟ್ಟಿ ಬಡದೀನಿ,
ನನ್ನ ಮಣಕಾಲು ಯಾರು ಅಳದಾರ?"

ಕತ್ತರಿ ಲಿಫ್ಟಿಗಿ ಮುಂಗಡ ಕಳಿಸಿದೆ.
ಸೊಂಟದ ಮಟ ಏರತದಂತ. ಬೋಲ್ಟು ಬ್ಯಾಡ,
ಬ್ಯಾಡಾದಾಗ ಮೂಲಿಗಿ ಸರಸಬೇಕು.
ಗಾಲಿ ಇದ್ದ ಮುಕ್ಕಾಲಿ ಒಂದು ಹುಡುಕಬೇಕು.
ಉಳಿದ ರೊಕ್ಕದಾಗ ಕಟ್ಟಿ.
"ಅದನ್ನ ತಡೀತದ ನೆಲ" ಅಂದ ಲಾಡ್ಲೇಸಾಬ.

ರಾತ್ರಿ ಲೈಟು ಆರಸ್ಲಾಕ ಹೋದಾಗ
ಸುಣ್ಣದ ಗೋಲ ಎರಡೂ ಹಂಗೇ ಇದ್ದವು.
ನಡುವ ನಿಂತು ಕೈ ಎತ್ತಿ ನೋಡಿದೆ.
ಜೀಪಿಗಿ ಸಾಲದ ತಗಡು
ನನಗ ನಾಕು ಗೇಣು ಮ್ಯಾಲೇ ಉಳೀತು.