ಆರರ ನಂತರ ಎಂಟು

ಲಿಖಿತಾ ಮಣಿಯಾಣಿ, ಟ್ರೈನಿಂಗಿನ ಎರಡನೇ ವರ್ಷ.
ಹತ್ತು ದಿನದ ಮಟ್ಟಿಗೆ ನನ್ನ ಎರಡನೇ ಕ್ಲಾಸು ಅವಳದ್ದು,
ಹಿಂದಿನ ಬೆಂಚು ನನ್ನದು,
ಮೊಣಕಾಲು ಗಲ್ಲಕ್ಕೆ ತಾಗುವ ಬೆಂಚು.
ಅವಳ ಅಕ್ಷರ ಚಂದ, ಸ್ವರ ಚಂದ,
ಮ್ಯಾನುವಲಿನಲ್ಲಿ ಐದೈದು ನಿಮಿಷಕ್ಕೊಂದು ಗೆರೆ.

ರಬ್ಬರ್ ಬೀಜ ಎಣಿಸುವ ಪಾಠ.
ಎದ್ದು ನಿಂತವಳು ಜಿಸ್‌ಮೋಳ್. ಪಾಲಾ ಕಡೆಯವರು,
ಅಪ್ಪ ಎಸ್ಟೇಟಿನಲ್ಲಿ ಟ್ಯಾಪಿಂಗ್.
ಮಲಯಾಳ ಶಾಲೆಗಾದರೆ ಎರಡು ಬಸ್ಸು;
ಗಾಳಿಮುಖದಿಂದ ಈಚೆ, ನಡೆದು ಮುಟ್ಟುವಷ್ಟರಲ್ಲಿ,
ಇರುವುದು ನಾವೊಂದೇ.

"ಐದು, ಆರು, ಏೞು" ಅಂದಳು,
ನಾಲಗೆ ಒಳಕ್ಕೆ ಮಡಚಿ, ಯಾವುದಕ್ಕೂ ತಾಗಿಸದೆ.
"ಏೞು ಅಲ್ಲ ಪುಟ್ಟಾ, ಏಳು."
"ಏೞು."
"ಏ-ಳು."
ಮೂರನೇ ಸಲಕ್ಕೆ ಕ್ಲಾಸು ನಕ್ಕಿತು.
ಕೆಟ್ಟ ನಗುವಲ್ಲ, ಮಕ್ಕಳದ್ದು.
ಆದರೂ ನಗು.

ಮರುದಿನ: ಐದು, ಆರು, ಎಂಟು.
ಗುರುವಾರವೂ ಎಂಟು.
ಏಳನೇ ಬೀಜವನ್ನು ಸದ್ದಿಲ್ಲದೆ ಆಚೆ ದಾಟಿಸಿ
ಆಮೇಲೆಯೇ ಬಾಯಿ ತೆರೆಯುತ್ತಿದ್ದಳು.
ಲಿಖಿತಾ ಕೇಳಿದ್ದು ಬಾಯಿಯನ್ನು. ಬೆರಳನ್ನು ನೋಡಿರಲಿಲ್ಲ.
"ಜಿಸ್‌ಮೋಳ್: ಸಂಖ್ಯಾಕ್ರಮ ದೃಢವಾಗಿಲ್ಲ" ಎಂದು ಬರೆದಳು
ಆ ಚಂದದ ಅಕ್ಷರದಲ್ಲಿ.

ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ.
ನನ್ನ ಮೊದಲ ವರ್ಷ, ಐತ್ತಪ್ಪ ಅಂತ ಒಬ್ಬ,
ಹಾಲಿಗೆ ಪೇರ್ ಎಂದದ್ದಕ್ಕೆ
ಬೆಂಚಿನ ಮೇಲೆ ನಿಲ್ಲಿಸಿದ್ದೆ.
ಆ ದಿನ ಹಿಂದೆ ಕುಳಿತು ನನ್ನನ್ನು ಅಳೆದವರು
"ಶಿಸ್ತು: ಉತ್ತಮ" ಎಂದು ಬರೆದುಕೊಂಡು ಹೋದರು.
ನಾಲ್ಕಕ್ಕೆ ಶಾಲೆ ಬಿಟ್ಟ.
ಈಗ ಪೇಟೆಯಲ್ಲಿ ನನ್ನನ್ನು ಕಂಡರೆ ಬೀಡಿ ಬಿಸಾಡುತ್ತಾನೆ,
ಗೌರವಕ್ಕೆ. ಅದನ್ನು ನೋಡುವುದು ಕಷ್ಟ.

ಮಧ್ಯಾಹ್ನ ಲಿಖಿತಾ ಊಟಕ್ಕೆ ಬರಲಿಲ್ಲ.
ಹಳೆ ಮ್ಯಾಪು, ಗಾಳಿ ಹೋದ ಫುಟ್‌ಬಾಲುಗಳ ಕೋಣೆಯಲ್ಲಿ
ಕಣ್ಣು ಕೆಂಪು ಮಾಡಿ ಕುಳಿತಿದ್ದಳು.
"ನನ್ನಿಂದ ಆಗುವ ಕೆಲಸ ಅಲ್ಲ ಟೀಚರ್ ಇದು."
ಬಂದಡ್ಕದಿಂದ ಆರು ಹತ್ತರ ಬಸ್ಸು,
ಬೆಳಿಗ್ಗೆಯೂ ಏನೂ ತಿಂದಿಲ್ಲವಂತೆ.

ಒಂದು ತಟ್ಟೆ ಅನ್ನ, ಹೆಸರುಕಾಳಿನ ಪಲ್ಯ, ಸಾರು,
ಅಡುಗೆಯ ಕುಂಞಮ್ಮ ಯಾರಿಗೋ ಎತ್ತಿಟ್ಟಿದ್ದ ಒಂದು ಮೊಟ್ಟೆ.
ತಿಂದು ಮುಗಿಸುವ ತನಕ ಮಾತಾಡಲಿಲ್ಲ ನಾನು.
ಇನ್ನೊಂದು ಸೌಟು ಬಡಿಸಿದೆ.
ಬೇಡ ಎಂದಳು, ತಿಂದಳು.

ಆಮೇಲೆ ತಟ್ಟೆಯಲ್ಲಿ ಉಳಿದ ಸಾರಿನಲ್ಲಿ
ಬೆರಳದ್ದಿ ಬರೆದೆ: ೞ.
"ಇದು ನಮ್ಮದೇ ಅಕ್ಷರ ಮಾರಾಯ್ತಿ.
ಒಂದು ಕಾಲದಲ್ಲಿ ಮಳೆಗೆ, ಬಾಳೆಗೆ, ಕೋಳಿಗೆ,
ಅಳುವುದಕ್ಕೂ ಇದೇ ಇತ್ತು. ಕಲ್ಲಿನ ಮೇಲೆ ಉಂಟು ಈಗಲೂ.
ಕಳಕೊಂಡವರು ನಾವು.
ಆ ಹುಡುಗಿಯ ಬಾಯಲ್ಲಿ ಉಳಿದದ್ದನ್ನು
ಮೂರು ಸಲ ತಪ್ಪು ಅಂದೆವು."

"ಹಾಗಾದರೆ ತಿದ್ದಬಾರದಾ?"
"ತಿದ್ದಬೇಕು. ಪರೀಕ್ಷೆಗೆ ಏಳೇ ಬೇಕು.
ಮೊದಲು ಅವಳ ಏೞು
ನಿನ್ನ ಬಾಯಲ್ಲಿ ಬರುತ್ತದಾ, ನೋಡು."

ಬರಲಿಲ್ಲ. ನನಗೂ ಬರಲಿಲ್ಲ.
ಫುಟ್‌ಬಾಲುಗಳ ನಡುವೆ ಇಬ್ಬರು ಹೆಂಗಸರು
ನಾಲಗೆ ಮಡಚಿ ಮಡಚಿ ಸೋತೆವು.

ಶುಕ್ರವಾರ ಅವಳು ನೆಲಕ್ಕೆ ಕುಳಿತಳು, ಬೀಜದ ರಾಶಿಯ ಪಕ್ಕ.
"ನನಗೆ ಕಲಿಸು" ಅಂದಳು.
ಜಿಸ್‌ಮೋಳ್ ತುಂಬಾ ಹೊತ್ತು ಸುಮ್ಮನಿದ್ದಳು.
ಆಮೇಲೆ, "ಅಲ್ಲ ಟೀಚರ್."
"ಅಲ್ಲ ಟೀಚರ್."
ನಾಲ್ಕು ಸಲ ತಿದ್ದಿದಳು,
ಲಿಖಿತಾಳ ಅದೇ ನಗುವಿನಲ್ಲಿ. ಕ್ಲಾಸು ನಕ್ಕಿತು.
ಈ ಸಲ ಆ ನಗು ಬಿದ್ದದ್ದು ದೊಡ್ಡವಳ ಮೇಲೆ;
ತಡೆದುಕೊಂಡಳು.

ಮ್ಯಾನುವಲಿನ ಆ ಸಾಲನ್ನು ಅವಳು ಅಳಿಸಲಿಲ್ಲ.
ಕೆಳಗೆ ಬರೆದಳು: "ಕ್ರಮ ಗೊತ್ತುಂಟು. ನನಗೆ ಗೊತ್ತಾಗಲಿಲ್ಲ."
ನಾನು ಸಹಿ ಹಾಕಿದೆ.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಐತ್ತಪ್ಪ.
ಬೀಡಿ ಬಿಸಾಡಿ, ನನ್ನ ಕೈಯ ತೊಟ್ಟೆ ನೋಡಿ,
"ಹಾಲಾ ಟೀಚರ್?" ಅಂದ, ಅಚ್ಚ ಕನ್ನಡದಲ್ಲಿ.
"ಪೇರ್" ಎಂದೆ.
ಕೇಳಿಸಿತೋ ಏನೋ. ಬಸ್ಸು ಬಂದಿತ್ತು.